ಕೊಂಬೆಗೆ ಕಟ್ಟಿದ ದಾರ

ನಮ್ಮ ಸ್ಟುಡಿಯೋದ ಗೋಡೆಯ ಮೇಲೆ ಹದಿನೇಳು ಹಕ್ಕಿಗಳಿವೆ. ಫೋಟೋ ತೆಗೆಸಲು ಬಂದವರು ತಮ್ಮ ಸರದಿ ಬರುವ ತನಕ ಅವನ್ನೇ ನೋಡುತ್ತ ಕೂತಿರುತ್ತಾರೆ. ಕೆಲವರು ಎದ್ದು ಹೋಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಾರೆ. ಇವು ಜೀವ ಇದ್ದ ಹಕ್ಕಿಗಳೋ, ಹುಲ್ಲು ತುಂಬಿಸಿ ನಿಲ್ಲಿಸಿದ್ದೋ ಎಂದು ಕೇಳಿದವರೂ ಇದ್ದಾರೆ. ಅಷ್ಟು ಸಮೀಪದಿಂದ ತೆಗೆದ ಚಿತ್ರಗಳು. ಆದರೆ ನನ್ನ ಗಂಡ ಇಪ್ಪತ್ತೆರಡು ವರ್ಷಗಳಲ್ಲಿ ತೆಗೆದ ಎಲ್ಲಕ್ಕಿಂತ ಒಳ್ಳೆಯ ಚಿತ್ರ ಆ ಗೋಡೆಯ ಮೇಲಿಲ್ಲ. ಯಾಕಿಲ್ಲ ಎನ್ನುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಅದರಲ್ಲಿ ದೊಡ್ಡ ಪಾಲು ನನ್ನದಾದ್ದರಿಂದ ನಾನೇ ಹೇಳುವುದು ನ್ಯಾಯ.

ಇವರ ಕಸುಬು ಮನುಷ್ಯರ ಮುಖ. ಅರ್ಜಿಗೆ, ಗುರುತಿನ ಚೀಟಿಗೆ, ಶಾಲೆಯ ಗುಂಪು ಫೋಟೋಗೆ. ‘ಗದ್ದ ಸ್ವಲ್ಪ ಕೆಳಗೆ, ಕಣ್ಣು ಇಲ್ಲಿ’ ಎಂದು ಹೇಳಿ ಹೇಳಿ ಗಂಟಲು ಸವೆಸಿಕೊಂಡವರು. ಹಕ್ಕಿಯ ಹುಚ್ಚು ಯಾವಾಗ ಹಿಡಿಯಿತೋ ಗೊತ್ತಿಲ್ಲ, ಮದುವೆಗೆ ಮುಂಚೆ ಯಾರೂ ನನಗೆ ಹೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಮ್ಮಪ್ಪ ಮನೆಗೆ ಬಂದಿದ್ದಾಗ ಇವರು ಬಚ್ಚಲುಮನೆ ಸೇರಿ ಬಾಗಿಲು ಹಾಕಿಕೊಂಡವರು ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೇ ನಿಂತರು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, “ಅಳಿಯಂದಿರಿಗೆ ಹೊಟ್ಟೆ ಸರಿ ಇಲ್ವೇನಮ್ಮ?” ಎಂದು ಮೆಲ್ಲಗೆ ಕೇಳಿದರು. ಬಚ್ಚಲಿನ ಕಿಟಕಿಯಾಚೆ ಒಂದು ಹಕ್ಕಿ ನೀರಿನ ಕೊಳಾಯಿಯ ಮೇಲೆ ಕೂತಿತ್ತು, ಅಷ್ಟೇ ವಿಷಯ. ಆ ಚಿತ್ರ ಈಗಲೂ ಗೋಡೆಯ ಮೇಲಿದೆ.

ಹುಚ್ಚು ಹೌದು, ಆದರೆ ಅದಕ್ಕೊಂದು ನಿಯಮವಿತ್ತು. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಅದನ್ನು ಕರೆಯಬಾರದು. ಗೂಡಿನ ಮುಂದೆ ಫ್ಲ್ಯಾಶ್ ಬೇಡ. ಗೂಡನ್ನು ಮುಟ್ಟುವ ಮಾತೇ ಇಲ್ಲ. “ನಾನು ಅದರಿಂದ ತಗೊಳ್ಳೋದು ಬೆಳಕು ಮಾತ್ರ” ಎನ್ನುತ್ತಿದ್ದರು. ಇವರಿಂದಾಗಿ ಒಂದೇ ಒಂದು ಗೂಡೂ ಹಾಳಾಗಿಲ್ಲ ಎನ್ನುವುದು ಇವರ ಹೆಮ್ಮೆ. ಬೇರೆ ಯಾವುದಕ್ಕೂ ಜಂಬಪಡದ ಮನುಷ್ಯ, ಆ ಒಂದು ಮಾತನ್ನು ಹೇಳುವಾಗ ಮಾತ್ರ ಸ್ವಲ್ಪ ಎದೆ ಮುಂದೆ ಬರುತ್ತಿತ್ತು.

ಈ ಕೆಲಸಕ್ಕೆ ಇಬ್ಬರು ಬೇಕು. ಅದು ಹೇಗೆಂದರೆ, ಸ್ಟುಡಿಯೋದ ಹಳೆಯ ಪರದೆ ಹರಿದು ನಾನೇ ಹೊಲಿದ ಒಂದು ಸಣ್ಣ ಡೇರೆ ಇದೆ, ಒಬ್ಬರು ಮುದುರಿಕೊಂಡು ಕೂರುವಷ್ಟು. ಅದನ್ನು ಗೂಡಿನಿಂದ ಆರು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಹಕ್ಕಿಗೆ ಅಭ್ಯಾಸವಾಗಲಿ ಎಂದು ಎಂಟು ಹತ್ತು ದಿನ ಹಾಗೇ ಬಿಡುತ್ತೇವೆ. ಆಮೇಲೆ ಒಂದು ದಿನ ಬೆಳಗು ಹರಿಯುವ ಮುಂಚೆ ಇಬ್ಬರೂ ಡೇರೆಗೆ ಹೋಗುತ್ತೇವೆ. ಇವರು ಒಳಗೆ ಉಳಿಯುತ್ತಾರೆ. ನಾನು ಹೊರಗೆ ಬಂದು, ಹಕ್ಕಿಗೆ ಕಾಣುವ ಹಾಗೆ, ಕೇಳುವ ಹಾಗೆ, ದೊಡ್ಡದಾಗಿ ಮಾತಾಡುತ್ತ ನಡೆದುಬಿಡುತ್ತೇನೆ. ಹಕ್ಕಿಗೆ ಲೆಕ್ಕ ಬರುವುದಿಲ್ಲ. ಬಂದವರು ಹೋದರು ಎಂದುಕೊಂಡು ಅದು ಗೂಡಿಗೆ ಇಳಿಯುತ್ತದೆ. ಎರಡು ಗಂಟೆ ಕಳೆದ ಮೇಲೆ ನಾನೇ ಮತ್ತೆ ಗದ್ದಲ ಮಾಡುತ್ತ ಬರಬೇಕು. ಹಕ್ಕಿ ಪಕ್ಕಕ್ಕೆ ಹಾರಿದಾಗ ಇವರು ಹೊರಬೀಳಬೇಕು. ಖಾಲಿ ಎಂದುಕೊಂಡ ಡೇರೆಯಿಂದ ಮನುಷ್ಯ ಎದ್ದು ಬರುವುದನ್ನು ಹಕ್ಕಿ ಒಮ್ಮೆ ನೋಡಿತೋ, ಮತ್ತೆ ನಂಬುವುದಿಲ್ಲ. ಹೋಗುವವಳು ತಿರುಗಿ ನೋಡಬಾರದು ಎನ್ನುವುದೂ ಒಂದು ನಿಯಮ.

ದೊಡ್ಡದಾಗಿ ಮಾತಾಡು ಎಂದರೆ ಏನಂತ ಮಾತಾಡುವುದು? ನಾನು ಇವರನ್ನು ಬೈಯುತ್ತ ಹೋಗುತ್ತಿದ್ದೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡದ್ದು, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದದ್ದು, ಅಕ್ಕನ ಮಗಳ ಮನೆಯ ಗೃಹಪ್ರವೇಶಕ್ಕೆ ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಬಂದದ್ದು, ಒಂದೂ ಬಿಡುತ್ತಿರಲಿಲ್ಲ. ಒಳಗೆ ಕೂತವರು ಉಸಿರೆತ್ತುವ ಹಾಗಿಲ್ಲ. ಅಂಥ ಅವಕಾಶ ಯಾವ ಹೆಂಡತಿಗೆ ಸಿಗುತ್ತದೆ?

ಇನ್ನು ದಾರದ ವಿಷಯ. ಗೂಡನ್ನು ಹಕ್ಕಿ ಎಲೆಯ ಮರೆಯಲ್ಲೇ ಕಟ್ಟುತ್ತದೆ. ಮರೆ ಇದ್ದರೆ ಬೆಳಕಿಲ್ಲ, ಬೆಳಕಿಲ್ಲದಿದ್ದರೆ ಚಿತ್ರವಿಲ್ಲ. ಕೊಂಬೆ ಕತ್ತರಿಸುವವರಿದ್ದಾರೆ, ಇವರು ಕತ್ತರಿಸುವವರಲ್ಲ. ಮುಖದ ಮೇಲೆ ಬಿದ್ದ ಕೂದಲನ್ನು ಸರಿಸಿದ ಹಾಗೆ, ಮುಂದಿನ ಕೊಂಬೆಯನ್ನು ಹತ್ತಿಯ ದಾರದಿಂದ ಹಿಂದಕ್ಕೆ ಎಳೆದು ಕಟ್ಟುತ್ತಾರೆ. ಕೆಲಸ ಮುಗಿದ ಕೂಡಲೇ ಬಿಚ್ಚುತ್ತಾರೆ. ಕೊಂಬೆ ತನ್ನ ಜಾಗಕ್ಕೆ ಬಂದು ಗೂಡನ್ನು ಮತ್ತೆ ಮುಚ್ಚುತ್ತದೆ. ಕಟ್ಟಿದವರೇ ಬಿಚ್ಚಬೇಕು. ಇಪ್ಪತ್ತೆರಡು ವರ್ಷವೂ ಕಟ್ಟಿದವರು ಇವರು, ಬಿಚ್ಚಿದವರು ಇವರು.

ಆ ವರ್ಷದ ಹಕ್ಕಿ ಹಿಡಿಯಷ್ಟೇ ದೊಡ್ಡದು. ಬೂದಿ ಬಣ್ಣದ ಬೆನ್ನು, ಕಣ್ಣಿನ ಉದ್ದಕ್ಕೂ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ಪುಸ್ತಕದಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ, ನಾವು ಕಾಡಿಗೆಯಮ್ಮ ಎನ್ನುತ್ತಿದ್ದೆವು. ಬಹಳ ನಾಚಿಕೆಯ ಪ್ರಾಣಿ. ಮೂರು ವರ್ಷ ಅದರ ಹಿಂದೆ ಬಿದ್ದು ಇವರಿಗೆ ಸಿಕ್ಕಿದ್ದು ಬರೀ ಬಾಲ. ಆ ಸಲ ಊರಾಚೆ ನಿಂತುಹೋದ ಇಟ್ಟಿಗೆ ಭಟ್ಟಿಯ ಹಿಂದೆ, ಆಳೆತ್ತರದ ಮುಳ್ಳಿನ ಪೊದೆಯಲ್ಲಿ ಗೂಡು ಕಟ್ಟಿತ್ತು. ಮೂರು ಮರಿ. ಮೈಮೇಲೆ ಇನ್ನೂ ಪುಕ್ಕ ಬಂದಿರಲಿಲ್ಲ. ಹಕ್ಕಿ ಒಂದೊಂದು ಸಲಕ್ಕೂ ಮೂರು ಹಸಿರು ಹುಳ ಕೊಕ್ಕಿನಲ್ಲಿ ಕಚ್ಚಿಕೊಂಡು ಬರುತ್ತದೆ, ಮರಿಗೊಂದರಂತೆ ಕೊಡುತ್ತದೆ ಎಂದು ಇವರು ದುರ್ಬೀನಿನಲ್ಲಿ ನೋಡಿ ಬಂದು ನನಗೆ ವರದಿ ಒಪ್ಪಿಸಿದ್ದರು.

ಆ ದಿನ ಬೆಳಿಗ್ಗೆ ಇವರ ಬಲಭುಜ ಹಿಡಿದುಕೊಂಡಿತ್ತು. ಕೈ ಕಿವಿಯ ಮೇಲಕ್ಕೆ ಏಳುತ್ತಿರಲಿಲ್ಲ. “ಇವತ್ತು ನೀನೇ ಕಟ್ಟು” ಎಂದರು. ಟಾರ್ಚಿನ ಬೆಳಕಿನಲ್ಲಿ ಇವರು ತೋರಿಸಿದ ಹಾಗೆ ನಾನು ಕೊಂಬೆಯನ್ನು ಎಳೆದು ಕಟ್ಟಿದೆ. ಮುಳ್ಳು ತರಚಿದ್ದಕ್ಕೆ ಎರಡು ಮಾತು ಅಂದೆ. ಇವರು ಒಳಗೆ ಕೂತರು, ನಾನು ಬೈಯುತ್ತ ಹೊರಟೆ. ಭಟ್ಟಿಯ ಗೋಡೆ ದಾಟಿ ಸೂರ್ಯನ ಬೆಳಕು ಪೊದೆಗೆ ಬೀಳುವುದು ಆರೂ ಮುಕ್ಕಾಲಿಗೆ. ಹತ್ತು ಹನ್ನೆರಡು ನಿಮಿಷ ಮಾತ್ರ ಆ ಬೆಳಕು ಚಿನ್ನದ್ದು, ಆಮೇಲೆ ಬರೀ ಬಿಸಿಲು. ಎಲ್ಲ ಆ ಹತ್ತು ನಿಮಿಷದಲ್ಲೇ ಆಗಬೇಕು.

ಆಯಿತು. ಏಳೂಕಾಲಿಗೆ ನಾನು ವಾಪಸು ಹೋದಾಗ ಡೇರೆಯಿಂದ ಹೊರಬಂದ ಇವರ ಮುಖ ನೋಡಿಯೇ ಗೊತ್ತಾಯಿತು. ಕ್ಯಾಮೆರಾದ ಹಿಂಭಾಗದ ಚಿಕ್ಕ ಪರದೆಯನ್ನು ನನ್ನ ಮುಂದೆ ಹಿಡಿದರು. ಮೂರು ಕೆಂಪು ಬಾಯಿಗಳು, ಮೂರೂ ಒಂದೇ ಸಲ ತೆರೆದಿವೆ, ಒಳಗಿನಿಂದ ದೀಪ ಹಚ್ಚಿದ ಹಾಗಿವೆ. ಮೇಲೆ ಕಾಡಿಗೆಯಮ್ಮನ ಕಣ್ಣು, ಅದರಲ್ಲಿ ಸೂರ್ಯನ ಒಂದು ಚುಕ್ಕೆ. ನನಗೂ ಮೈ ಜುಂ ಎಂದಿತು. ಆದರೆ ಬಾಯಿ ಸುಮ್ಮನಿರಬೇಕಲ್ಲ. “ಎಂಟೂವರೆಗೆ ಗಿರಣಿಯವರು ಬರ್ತಾರೆ, ಇಪ್ಪತ್ತಾರು ಜನ. ಹೊರಡಿ ಹೊರಡಿ” ಎಂದೆ. “ಒಂದು ನಿಮಿಷ ನಿಂತ್ಕೋ” ಎಂದರು. “ನಿಮ್ಮ ಹಕ್ಕಿಗಿರೋ ಮರ್ಯಾದೆ ಗಿರಾಕಿಗೂ ಇಲ್ಲ, ನನಗೂ ಇಲ್ಲ” ಎಂದು ಇವರ ಚೀಲ ಎತ್ತಿಕೊಂಡು ನಡೆದೇಬಿಟ್ಟೆ. ಇವರು ಹಿಂದೆ ಬಂದರು. ದಾರ ಯಾವಾಗಲೂ ಇವರೇ ಬಿಚ್ಚುವವರು, ಬಿಚ್ಚಿರುತ್ತಾರೆ ಎಂದು ನಾನು. ಇವತ್ತು ಕಟ್ಟಿದವಳು ಇವಳು, ಬಿಚ್ಚಿರುತ್ತಾಳೆ ಎಂದು ಇವರು.

ಎಂಟೂವರೆಗೆ ನೂಲಿನ ಗಿರಣಿಯ ಕೆಲಸಗಾರರು ಬಂದರು. ಗುರುತಿನ ಚೀಟಿಗೆ ಎಲ್ಲರ ಫೋಟೋ ಮಧ್ಯಾಹ್ನದ ಒಳಗೆ ಬೇಕು. ನಾನು ಹೆಸರು ಬರೆದುಕೊಂಡು, ಕಾಲರ್ ಸರಿಮಾಡಿ ಒಬ್ಬೊಬ್ಬರನ್ನೇ ಕೂರಿಸುತ್ತಿದ್ದೆ. ಇವರು ಒಂಟಿಕಾಲಿನಲ್ಲಿ ನಿಂತು ತೆಗೆಯುತ್ತಿದ್ದರು. ಒಂಬತ್ತೂವರೆ ಇರಬೇಕು. ಲೈಟ್ ಸರಿಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು.

“ದಾರ ಬಿಚ್ಚಿದೆ ತಾನೆ?”

“ಹೂಂ” ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಗ್ಯಾಸ್ ಆಫ್ ಮಾಡಿದ್ಯಾ ಎಂದರೂ ಹೂಂ, ಗೇಟು ಹಾಕಿದ್ಯಾ ಎಂದರೂ ಹೂಂ, ಹಾಗೆ ಬಂದ ಹೂಂ ಅದು. ಕೈ ಹೆಸರು ಬರೆಯುತ್ತಿತ್ತು, ಬಾಯಿ ಹೂಂ ಎಂದಿತು.

ಮುಂದಿನ ಸರದಿ ಒಬ್ಬ ಹುಡುಗಿಯದು. ಹಣೆ ಮುಚ್ಚುವಷ್ಟು ಮುಂಗುರುಳು. ನನ್ನ ಮೇಜಿನ ಕ್ಲಿಪ್ ಕೊಟ್ಟು, ಕೂದಲು ಹಿಂದಕ್ಕೆ ಹಾಕ್ಕೊಳಮ್ಮ ಎಂದೆ. ಫೋಟೋ ಆಯಿತು. ಹುಡುಗಿ ಎದ್ದು ಬಂದು ಕ್ಲಿಪ್ ತೆಗೆದು ನನ್ನ ಕೈಗಿಟ್ಟಳು. ಕೂದಲು ಜಾರಿ ಮತ್ತೆ ಹಣೆಯ ಮೇಲೆ ಬಿತ್ತು. ಕಣ್ಣ ಮುಂದೆ ಆ ಕೊಂಬೆ ಬಂತು. ಅದನ್ನು ಕಟ್ಟಿದ್ದು ನೆನಪಿದೆ. ಬಿಚ್ಚಿದ್ದು ಎಷ್ಟು ಹುಡುಕಿದರೂ ನೆನಪಿನಲ್ಲಿಲ್ಲ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಂದು ಹೂಂ ಅನ್ನು ವಾಪಸು ನುಂಗುವುದು ಅಷ್ಟು ಕಷ್ಟ ಎಂದು ನನಗೆ ಅವತ್ತೇ ಗೊತ್ತಾದದ್ದು. ಬೆಳಿಗ್ಗೆ ಅವಸರ ಮಾಡಿ ಎಳೆದುಕೊಂಡು ಬಂದವಳು ನಾನು. ಇಪ್ಪತ್ತೆರಡು ವರ್ಷದ ಇವರ ಒಂದೇ ಹೆಮ್ಮೆಗೆ ನನ್ನ ಕೈಯಿಂದ ಕಲ್ಲು ಬಿತ್ತು ಎಂದು ಅಷ್ಟು ಜನರ ಮುಂದೆ ಹೇಗೆ ಹೇಳುವುದು? ಹೆದರಿದೆ, ನಾಚಿಕೆಯಾಯಿತು, ಎರಡೂ ನಿಜ. ಬಾಗಿಲಿನಿಂದ ಬಿದ್ದ ಬಿಸಿಲು ಕಾಲೊರಸಿನ ಅಂಚಿಗೆ ಬಂದಿತ್ತು. ಅದು ಕಾಲೊರಸು ದಾಟಿ ಒಂದು ಟೈಲ್ಸ್ ಮುಂದೆ ಸರಿಯುವುದನ್ನು ನೋಡುತ್ತ ಇನ್ನೂ ಇಬ್ಬರ ಕಾಲರ್ ಸರಿಮಾಡಿದೆ. ಪುಕ್ಕ ಇಲ್ಲದ ಮರಿಗಳು, ಮೇಲೆ ಎಲೆಯಿಲ್ಲ. ಬಿಸಿಲು ಒಂದು ಕಡೆ, ಕಾಗೆ ಇನ್ನೊಂದು ಕಡೆ.

ಅಷ್ಟರಲ್ಲಿ ಇವರು ಕ್ಯಾಮೆರಾ ಕೆಳಗಿಟ್ಟರು. “ಫ್ಲ್ಯಾಶ್ ಬ್ಯಾಟರಿ ಕೈ ಕೊಡ್ತಾ ಇದೆ, ಅಂಗಡಿಗೆ ಹೋಗಿ ತರ್ತೀನಿ, ನೋಡ್ಕೊಂಡಿರು” ಎಂದು ಸ್ಕೂಟರ್ ಏರಿ ಹೋದರು. ಫೋನು ಮೇಜಿನ ಮೇಲೇ ಉಳಿಯಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಬ್ಯಾಟರಿ ಅಂಗಡಿ ಇರುವುದು ರಸ್ತೆಯ ಆಚೆ ಬದಿಗೆ. ನಾನು ಇವರ ಡ್ರಾಯರ್ ಎಳೆದು ನೋಡಿದೆ. ಚಾರ್ಜ್ ಮಾಡಿಟ್ಟ ಬ್ಯಾಟರಿಗಳು ಎಂಟೂ ಸಾಲಾಗಿ ಮಲಗಿದ್ದವು.

ಇವರು ನನ್ನ ಹೂಂ ಅನ್ನು ನಂಬಿರಲಿಲ್ಲ. ನಂಬದಿದ್ದರೂ ಜನರ ಮುಂದೆ ನನ್ನನ್ನು ಸುಳ್ಳಿ ಮಾಡಲು ಮನಸ್ಸಾಗದೆ ತಾವೂ ಒಂದು ಸುಳ್ಳು ಹೇಳಿ ಹೋಗಿದ್ದರು. ಹೋಗಲೋ ಬೇಡವೋ ಎಂದು ಇವರೂ ಹದಿನೈದು ನಿಮಿಷ ಅಲ್ಲೇ ಕಳೆದಿದ್ದರು. ನಾನು ಆಗಲೇ ಇಲ್ಲ ಎಂದಿದ್ದರೆ ಆ ಹದಿನೈದು ನಿಮಿಷ ಉಳಿಯುತ್ತಿತ್ತು. ಈ ಲೆಕ್ಕವನ್ನು ಎಷ್ಟು ಸಲ ಹಾಕಿದ್ದೇನೋ.

“ಯಾರ ಹತ್ರ ಗಾಡಿ ಇದೆ?” ಎಂದೆ. ಮುಂಗುರುಳಿನ ಹುಡುಗಿಯ ಹತ್ತಿರ ಸೈಕಲ್ ಇತ್ತು. “ಆಂಟಿ, ನಿಮಗೆ ಬರುತ್ತಾ?” ಎಂದಳು. ಹೈಸ್ಕೂಲು ಬಿಟ್ಟ ಮೇಲೆ ಸೈಕಲ್ ಮುಟ್ಟಿದವಳಲ್ಲ ನಾನು. “ಬರುತ್ತೆ” ಎಂದೆ. ಅದೂ ಅರ್ಧ ಸುಳ್ಳೇ. ಉಳಿದವರಿಗೆ ಚಹಾ ತರಿಸಿಕೊಂಡು ಕೂತಿರಲು ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಎದ್ದೆನೋ ಬಿದ್ದೆನೋ ಎಂದು ತುಳಿದೆ. ತಿರುವಿನಲ್ಲಿ ಲಾರಿಯೊಂದು ಹಾರ್ನ್ ಹೊಡೆದದ್ದಕ್ಕೆ ಚರಂಡಿಯ ಅಂಚಿಗೆ ಹೋಗಿ ನಿಂತೆ, ಮತ್ತೆ ಹತ್ತಿದೆ. ಡಾಂಬರು ಆಗಲೇ ಕಾದಿತ್ತು, ಅದರ ಝಳ ಕಾಲಿಗೆ ಹೊಡೆಯುತ್ತಿತ್ತು. ನನಗೇ ಇಷ್ಟು ಬಿಸಿಯಾದರೆ ಅವಕ್ಕೆ ಎಷ್ಟು ಎಂದು ಯೋಚಿಸಿ ಕಣ್ಣು ಮಂಜಾಯಿತು.

ಭಟ್ಟಿಯ ಚಿಮಣಿಯ ಬುಡದಲ್ಲಿ ನಮ್ಮ ಸ್ಕೂಟರ್ ನಿಂತಿತ್ತು. ಭಟ್ಟಿಯ ಮುರುಕು ಗೋಡೆಯ ಮೇಲೆ ಒಂದು ಕಾಗೆ ಪೊದೆಯ ಕಡೆಗೇ ಮುಖ ಮಾಡಿ ಕೂತಿತ್ತು. ನಾನು ಓಡಿದೆ. ಕೊಂಬೆ ತನ್ನ ಜಾಗಕ್ಕೆ ಬಂದಿತ್ತು. ಹರಿದ ದಾರ ನೆಲದಲ್ಲಿ ಬಿದ್ದಿತ್ತು. ಮೇಲೇಳದ ಕೈಯಲ್ಲಿ ಗಂಟು ಬಿಚ್ಚಲಾಗದೆ ಎಡಗೈಯಿಂದ ಎಳೆದು ಹರಿದಿದ್ದರು. ಇವರು ಮಾತ್ರ ಎಲ್ಲೂ ಕಾಣಲಿಲ್ಲ.

“ಅಲ್ಲೇ ನಿಲ್ಲು” ಎಂದು ಡೇರೆಯೊಳಗಿನಿಂದ ಪಿಸುದನಿ ಬಂತು. “ನಿಧಾನವಾಗಿ ಒಳಗೆ ಬಾ.”

ಬಗ್ಗಿ ಒಳಗೆ ನುಸುಳಿದೆ. ಇವರ ಷರ್ಟು ಬೆವರಿನಿಂದ ಬೆನ್ನಿಗೆ ಅಂಟಿತ್ತು. ಕ್ಯಾಮೆರಾ ಇರಲಿಲ್ಲ. ಇವರು ಕೈಯಲ್ಲಿ ಒಂದು ಕಲ್ಲು ಹಿಡಿದು ಡೇರೆಯ ಕಿಂಡಿಗೆ ಕಣ್ಣಿಟ್ಟು ಕೂತಿದ್ದರು.

“ನಾನು ಒಬ್ಬನೇ ಒಳಗೆ ಬಂದದ್ದನ್ನ ಅವಳು ನೋಡಿಬಿಟ್ಟಿದಾಳೆ” ಎಂದರು. “ಅರ್ಧ ಗಂಟೆ ಆಯ್ತು, ಗೂಡಿಗೆ ಇಳೀತಿಲ್ಲ. ಆಚೆ ತಂತಿ ಮೇಲೆ ಕೂತು ಕೂಗ್ತಾ ಇದಾಳೆ. ನಾನು ಇಲ್ಲಿಂದ ಎದ್ದು ಹೋದರೆ ಕಾಗೆ ಇಳಿಯುತ್ತೆ. ಕೂತೇ ಇದ್ದರೆ ಅವಳು ಬರಲ್ಲ. ಮರಿಗಳು ಬಿಸಿಲಿಗೆ ಸೋತಿವೆ, ಇನ್ನು ತಡೆಯೋದಿಲ್ಲ.”

“ನಾನು...” ಎಂದೆ.

“ಗೊತ್ತು. ನಿನ್ನ ಹೂಂ ನನಗೆ ಗೊತ್ತಿಲ್ವಾ? ಆಮೇಲೆ ಮಾತಾಡೋಣ. ಈಗ ನೀನು ಹೊರಡು. ದಿನಾ ಹೋಗೋ ಹಾಗೇ ಹೋಗು.”

“ಮೂರೂ ಇವೆಯಾ?”

ನಾನು ಕಿಂಡಿಯ ಕಡೆ ಬಗ್ಗಿದೆ. ಇವರು ಭುಜವನ್ನು ಅಡ್ಡ ಇಟ್ಟರು, ನೋಯುವ ಭುಜವನ್ನೇ. “ಹೋಗು” ಎಂದರು.

ಹೊರಗೆ ಬಂದು ಎದ್ದು ನಿಂತೆ. ತಂತಿಯ ಮೇಲೆ ಕಾಡಿಗೆಯಮ್ಮ ಕಂಡಳು. ಕೊಕ್ಕಿನ ಎರಡೂ ಬದಿಗೆ ಹಸಿರು ಹುಳಗಳು ಜೋತಾಡುತ್ತಿದ್ದವು, ಬಾಲ ಒಂದೇ ಸಮ ಕುಣಿಯುತ್ತಿತ್ತು. ನಾನು ಅವಳಿಗೆ ಬೆನ್ನು ಹಾಕಿ ನಡೆಯತೊಡಗಿದೆ. ದೊಡ್ಡದಾಗಿ ಮಾತಾಡಬೇಕು, ಅವಳಿಗೆ ಕೇಳಬೇಕು. ಬೈಯಲು ಬಾಯಿ ತೆರೆದೆ. ಇವರ ಮೇಲೆ ಹೊರಿಸಲು ಒಂದು ತಪ್ಪೂ ನೆನಪಿಗೆ ಬರಲಿಲ್ಲ. ಟವೆಲ್, ಸಿಲಿಂಡರ್, ಕೆಸರಿನ ಪ್ಯಾಂಟು, ಎಲ್ಲಿ ಹೋದವೋ. ಸುಮ್ಮನೆ ನಡೆದರೆ ಹಕ್ಕಿ ನಂಬುವುದಿಲ್ಲ.

“ನಾನೇ ಬಿಚ್ಚಲಿಲ್ಲ” ಎಂದೆ. ಸಾಲದು ಎನಿಸಿ ಇನ್ನೂ ಜೋರಾಗಿ ಹೇಳಿದೆ. “ಕಟ್ಟಿದವಳು ನಾನು, ಬಿಚ್ಚಲಿಲ್ಲ. ಬಿಚ್ಚಿದೆ ಅಂತ ಸುಳ್ಳು ಹೇಳಿದೆ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.” ಚಿಮಣಿಯ ತನಕ ಇದನ್ನೇ ತಿರುಗಿಸಿ ತಿರುಗಿಸಿ ಕೂಗುತ್ತ ಹೋದೆ. ಅಳುತ್ತಿದ್ದೆ, ಆದರೆ ದನಿ ಇಳಿಸಲಿಲ್ಲ. ತಿರುಗಿ ನೋಡಲೂ ಇಲ್ಲ.

ಭಟ್ಟಿಯ ಹತ್ತಿರ ಬಂದಾಗ ಕಾಗೆ ಇನ್ನೂ ಗೋಡೆಯ ಮೇಲಿತ್ತು. ಜನ್ಮದಲ್ಲಿ ಗುರಿಯಿಟ್ಟು ಏನನ್ನೂ ಹೊಡೆದವಳಲ್ಲ ನಾನು. ಇಟ್ಟಿಗೆಯ ಚೂರು ಎತ್ತಿ ಬೀಸಿದೆ. ಮೊದಲನೆಯದು ನನ್ನ ಕಾಲ ಬಳಿಯೇ ಬಿತ್ತು. ನಾಲ್ಕನೆಯದು ಗೋಡೆಗೆ ಬಡಿದು ಪುಡಿಯಾಯಿತು. ಕಾಗೆ ಬೇಸರದಿಂದ ಎದ್ದು ಊರಿನ ಕಡೆ ಹಾರಿತು. ಅದರ ಕೊಕ್ಕಿನಲ್ಲಿ ಏನಾದರೂ ಇದೆಯೇ ಎಂದು ನೋಡಿದೆ. ಏನೂ ಇರಲಿಲ್ಲ. ಹೊಟ್ಟೆಯಲ್ಲಿ ಏನಿತ್ತೋ ಯಾರಿಗೆ ಗೊತ್ತು.

ಸ್ಕೂಟರಿನ ನೆರಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಎಷ್ಟು ಹೊತ್ತು ಬಿಟ್ಟು ಹೋಗಬೇಕು ಎಂದು ಹೇಳುವವರಿಲ್ಲ. ಬೇಗ ಹೋದರೆ ಹಕ್ಕಿಯನ್ನು ಮತ್ತೆ ಎಬ್ಬಿಸಿದ ಹಾಗೆ, ತಡವಾದರೆ ಆ ಡೇರೆಯ ಸೆಕೆಯಲ್ಲಿ ಐವತ್ತಾರು ವರ್ಷದ ಮನುಷ್ಯ. ಮುಕ್ಕಾಲು ಗಂಟೆ ಕೂತಿದ್ದು, ಕೆಮ್ಮುತ್ತ, ಕಾಲು ಎಳೆಯುತ್ತ ವಾಪಸು ಹೋದೆ. ಕೊಂಬೆಯ ಹಿಂದಿನಿಂದ ಹಕ್ಕಿ ಸರ್ರನೆ ಹಾರಿತು. ಗೂಡಿನಿಂದಲೇ ಹಾರಿದ್ದು ಎಂದು ನನ್ನ ಜೀವಕ್ಕೆ ಜೀವ ಬಂತು. ಇವರು ಡೇರೆಯಿಂದ ಹೊರಬಂದು, ನೆಲದ ಮೇಲಿದ್ದ ಹರಿದ ದಾರವನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಇಬ್ಬರೂ ಚಿಮಣಿಯ ತನಕ ನಡೆದೆವು.

“ಎಷ್ಟಿವೆ?” ಎಂದೆ.

“ಎರಡು. ನಾನು ಬರೋ ಹೊತ್ತಿಗೆ ಕಾಗೆ ಪೊದೆ ಮೇಲೇ ಇತ್ತು. ಅವಳು ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡ್ಕೊಂಡು ನಿಂತಿದ್ಲು. ಒಂಟಿ ಹಕ್ಕಿ, ಏನು ಮಾಡ್ತಾಳೆ.”

“ಬಂದ್ಲಲ್ಲ ಆಮೇಲೆ?”

“ಬಂದ್ಲು. ನೀನು ಭಟ್ಟಿ ಮುಟ್ಟೋದರೊಳಗೇ ಇಳಿದ್ಲು.”

ನಾನು ಕೂಗಿದ್ದನ್ನು ಇವರೂ ಕೇಳಿರಬೇಕು. ಅದರ ಬಗ್ಗೆ ಅವತ್ತೂ ಒಂದು ಮಾತಾಡಲಿಲ್ಲ, ಇವತ್ತಿಗೂ ಆಡಿಲ್ಲ. ನನಗೆ ಬೇಕಾಗಿದ್ದದ್ದು ಬೇರೆ ಒಂದು ಮಾತು.

“ಹಕ್ಕಿಗೆ ಲೆಕ್ಕ ಬರಲ್ಲ ಅಂತೀರಲ್ಲ” ಎಂದೆ. “ಅವಳಿಗೆ ಗೊತ್ತಾಗಿರಲ್ಲ, ಅಲ್ವಾ?”

ಇವರು ಸ್ಕೂಟರಿನ ಬೀಗದ ಕೈಯನ್ನು ಎಡಗೈಯಲ್ಲಿ ಹುಡುಕುತ್ತಿದ್ದರು. ಸಿಕ್ಕಿತು. ಆದರೂ ಹಾಕಲಿಲ್ಲ.

“ಮೂರು ಹುಳ ತಂದಿದ್ಲು” ಎಂದರು. “ಎರಡು ಕೊಟ್ಲು. ಇನ್ನೊಂದನ್ನ ಬಾಯಲ್ಲೇ ಇಟ್ಕೊಂಡು ಗೂಡಿನ ಅಂಚಲ್ಲಿ ನಿಂತಿದ್ಲು.”

“ಆಮೇಲೆ?”

“ಆಮೇಲೆ ಅದನ್ನ ಹಾಗೇ ಹಿಡ್ಕೊಂಡು ಹಾರಿಹೋದ್ಲು.”

ಸ್ಟುಡಿಯೋದಲ್ಲಿ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು, ಹುಡುಗಿಗೆ ಸೈಕಲ್ ಬೇಕಾಗಿತ್ತು. ನಾನು ಸೈಕಲ್ ಹತ್ತಿದೆ. ಇವರು ಸ್ಕೂಟರನ್ನು ನಿಧಾನ ಮಾಡಿಕೊಂಡು, ಊರು ಬರುವ ತನಕ ಲಾರಿಗಳ ಬದಿಗೆ ತಾವಿದ್ದು ನನ್ನ ಪಕ್ಕದಲ್ಲೇ ಬಂದರು.